ಕರೆಂಟಿಗೂ ಬಂದ ಏಜೆಂಟ್: ಅವನು ಯಾರ ಕಡೆ?

ಏಜೆಂಟ್ ಅಂದರೆ ನಮ್ಮ ಜನಕ್ಕೆ ಹೊಸಬನಲ್ಲ. ಆರ್.ಟಿ.ಓ. ಆಫೀಸಿನ ಬಾಗಿಲಲ್ಲಿ ಅವನಿದ್ದಾನೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಹುಣಸೆ ಮರದ ಕೆಳಗಿದ್ದಾನೆ, ಎ.ಪಿ.ಎಂ.ಸಿ. ಯಾರ್ಡಿನಲ್ಲಂತೂ ಅವನದೇ ದರ್ಬಾರು. ಅವನಿಂದ ಕೆಲಸ ಆಗುತ್ತದೆ, ಇಲ್ಲವೆನ್ನುವಂತಿಲ್ಲ. ಆದರೆ ಅವನು ನಮ್ಮ ಕಡೆಯವನೋ ಎದುರು ಪಾರ್ಟಿಯವನೋ ಅನ್ನೋದು ಜೇಬು ಹಗುರಾದ ಮೇಲೇ ತಿಳಿಯೋದು.

ಈಗ ಕರೆಂಟಿಗೂ ಏಜೆಂಟ್ ಬರುತ್ತಿದ್ದಾನೆ. ಇವನಿಗೆ ಕೈಕಾಲಿಲ್ಲ, ಬೀಡಿ ಕಾಫಿ ಕೇಳುವುದಿಲ್ಲ. ಇವನೊಂದು ಸಾಫ್ಟ್‌ವೇರ್. ಫ್ರಿಜ್ಜಿಗೊಬ್ಬ, ಗೀಜರಿಗೊಬ್ಬ, ಚಾವಣಿಯ ಸೋಲಾರಿಗೊಬ್ಬ, ಬೀದಿ ಕೊನೆಯ ಟಿ.ಸಿ.ಗೊಬ್ಬ. ಇವರೆಲ್ಲ ತಮ್ಮತಮ್ಮಲ್ಲೇ ಮಾತಾಡಿಕೊಂಡು, ಯಾರು ಯಾವಾಗ ಎಷ್ಟು ಕರೆಂಟು ಎಳೆಯಬೇಕೆಂದು ತೀರ್ಮಾನಿಸುತ್ತಾರೆ. ಇಂಜಿನಿಯರುಗಳು ಇದನ್ನು ‘ಮಲ್ಟಿ ಏಜೆಂಟ್’ ವ್ಯವಸ್ಥೆ ಅನ್ನುತ್ತಾರೆ. ಇದೆಲ್ಲ ದೊಡ್ಡ ಊರಿನ ಮಾತು, ನಮಗೇಕೆ ಎನ್ನಬೇಡಿ. ಮೀಟರು ಬದಲಾದ ದಿನ ಅದು ನಿಮ್ಮ ಅಂಗಡಿಯ ಗೋಡೆಗೇ ಬರುತ್ತದೆ.

ಸಂಜೆ ಆರರ ಸಂಕಟ

ಕರೆಂಟನ್ನು ಅಕ್ಕಿ ಬೇಳೆಯಂತೆ ಮೂಟೆ ಕಟ್ಟಿ ಗೋದಾಮಿನಲ್ಲಿ ಇಡಲು ಬರುವುದಿಲ್ಲ. ಬ್ಯಾಟರಿಯಲ್ಲಿ ಇಡಬಹುದು, ಆದರೆ ಅದು ದುಬಾರಿ ಬಾಬತ್ತು. ಹಾಗಾಗಿ ಎಷ್ಟು ಹುಟ್ಟುತ್ತದೋ ಅಷ್ಟು ಅದೇ ಕ್ಷಣ ಖರ್ಚಾಗಬೇಕು. ತಕ್ಕಡಿ ಸರಿಯಿದೆಯೋ ಇಲ್ಲವೋ ಎಂದು ನೋಡುವ ಮುಳ್ಳು 50 ಹರ್ಟ್ಜ್. ತಕ್ಕಡಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ದೇಶ 2012ರ ಜುಲೈ 30 ಮತ್ತು 31ರಂದು ನೋಡಿತು. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಭಾರತದಲ್ಲಿ 60 ಕೋಟಿಗೂ ಹೆಚ್ಚು ಜನರ ನಾಡು ಕತ್ತಲಾಯಿತು. ನಾವು ಪಾರಾದೆವು, ಯಾಕೆಂದರೆ ದಕ್ಷಿಣದ ಜಾಲ ಆಗ ಬೇರೆಯೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ನಾವೂ ಅವರೊಂದಿಗೆ ಕೂಡಿಕೊಂಡೆವು. ಈಗ ದೇಶಕ್ಕೆಲ್ಲ ಒಂದೇ ತಕ್ಕಡಿ.

ನಮ್ಮ ಜಿಲ್ಲೆಯ ಪಾವಗಡವನ್ನೇ ನೋಡಿ. ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2 ಸಾವಿರ ಮೆಗಾವಾಟಿನ ಸೋಲಾರ್ ಪಾರ್ಕ್. ಮಧ್ಯಾಹ್ನ ಕರೆಂಟು ಧಾರಾಳ. ಸಂಜೆ ಆರಾಯಿತೋ, ಸೂರ್ಯಪ್ಪ ಅಂಗಡಿ ಮುಚ್ಚುತ್ತಾನೆ. ಸರಿಯಾಗಿ ಅದೇ ಹೊತ್ತಿಗೆ ಬಜಾರಿನ ಅಂಗಡಿಗಳಲ್ಲಿ ದೀಪ ಹತ್ತುತ್ತವೆ, ಮನೆಗಳಲ್ಲಿ ಟಿ.ವಿ., ಮಿಕ್ಸಿ, ಮೋಟಾರು ಶುರು. ಹುಟ್ಟುವ ಹೊತ್ತು ಒಂದು, ಬೇಕಾಗುವ ಹೊತ್ತು ಇನ್ನೊಂದು. ಈ ಎರಡರ ನಡುವೆ ರಾಜಿ ಮಾಡಿಸಲು ಬಂದವನೇ ನಮ್ಮ ಹೊಸ ಏಜೆಂಟ್.

ಹರಾಜು ಹೀಗೆ

ತಿಪಟೂರಿನ ಕೊಬ್ಬರಿ ಹರಾಜು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಐದು ನಿಮಿಷಕ್ಕೊಮ್ಮೆ ಹರಾಜು. ಫ್ರಿಜ್ಜಿನ ಏಜೆಂಟ್ ಹೇಳುತ್ತಾನೆ: ‘ಒಳಗೆ ತಂಪು ಇನ್ನೂ ಇದೆ, ಅಗ್ಗಕ್ಕೆ ಸಿಕ್ಕರೆ ಮಾತ್ರ ಕೊಳ್ಳುತ್ತೇನೆ.’ ಗೀಜರಿನವನು ‘ಬೆಳಿಗ್ಗೆಯೊಳಗೆ ಕಾಯ್ದರೆ ಸಾಕು, ಕಾಯುತ್ತೇನೆ’ ಅನ್ನುತ್ತಾನೆ. ‘ನನಗೆ ಈಗಲೇ ಬೇಕು, ರೇಟು ಎಷ್ಟಾದರೂ ಸರಿ’ ಎನ್ನುವವನು ದೀಪದವನು. ಎಲ್ಲ ಕೂಗೂ ಸೇರಿ ಒಂದು ರೇಟು ನಿಲ್ಲುತ್ತದೆ. ಕೊಂಡವನು ಓಡುತ್ತಾನೆ, ಉಳಿದವರು ಕೂರುತ್ತಾರೆ. ಮನೆಯವರಿಗೆ ಇದು ಗೊತ್ತೂ ಆಗುವುದಿಲ್ಲ.

ಕಟ್ಟುಕಥೆಯಲ್ಲ ಇದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯ ದ್ವೀಪದಲ್ಲಿ 2006–07ರಲ್ಲಿ 112 ಮನೆಗಳಲ್ಲಿ ಒಂದು ವರ್ಷ ಹೀಗೇ ನಡೆಸಿ ನೋಡಿದರು. ಬಿಲ್ಲು ಸರಾಸರಿ ನೂರಕ್ಕೆ ಹತ್ತರಷ್ಟು ಇಳಿಯಿತು. ಬೇಕೆಂದಾಗ ಏಜೆಂಟನ ತೀರ್ಮಾನವನ್ನು ತಳ್ಳಿಹಾಕುವ ಅಧಿಕಾರ ಮನೆಯವರ ಕೈಯಲ್ಲೇ ಇತ್ತು. ಇದನ್ನು ನೆನಪಿಡಿ.

ಅಂಗಡಿಯವರ ಲೆಕ್ಕ

2023ರ ಜೂನ್‌ನಲ್ಲಿ ಕೇಂದ್ರ ಸರಕಾರ ಗ್ರಾಹಕರ ಹಕ್ಕು ನಿಯಮ ತಿದ್ದಿತು. ಬಿಸಿಲಿನ ಹೊತ್ತಿನಲ್ಲಿ ದರ ಕನಿಷ್ಠ ಶೇ. 20 ಕಡಿಮೆ, ಬೇಡಿಕೆ ಏರುವ ಹೊತ್ತಿನಲ್ಲಿ ವ್ಯಾಪಾರ ಮತ್ತು ಕೈಗಾರಿಕೆಗೆ 1.20 ಪಟ್ಟು, ಮನೆಗಳಿಗೆ 1.10 ಪಟ್ಟಿಗೆ ಕಡಿಮೆಯಿಲ್ಲ. ಕೃಷಿಗೆ ಮಾತ್ರ ವಿನಾಯಿತಿ. 10 ಕಿಲೋವಾಟ್ ಮೀರಿದ ವ್ಯಾಪಾರ, ಕೈಗಾರಿಕೆಗೆ 2024ರ ಏಪ್ರಿಲ್, ಉಳಿದವರಿಗೆ 2025ರ ಏಪ್ರಿಲ್ ಗಡುವು. ಸ್ಮಾರ್ಟ್ ಮೀಟರ್ ಕೂತ ಕೂಡಲೇ ಅನ್ವಯ ಅಂತ ನಿಯಮ. ರಾಜ್ಯದಲ್ಲಿ ದರ ಕಟ್ಟುವುದು ಕೆ.ಇ.ಆರ್.ಸಿ.

ಇದು ಸಣ್ಣ ಅಂಗಡಿಗೆ ಬಂದರೆ ಏನಾಗುತ್ತದೆ? ಲೆಕ್ಕಕ್ಕೆ ಯೂನಿಟ್ಟಿಗೆ 7 ರೂಪಾಯಿ ಅಂತಿಟ್ಟುಕೊಳ್ಳಿ. ಸಂಜೆ 8 ರೂಪಾಯಿ 40 ಪೈಸೆ, ಬಿಸಿಲಲ್ಲಿ 5 ರೂಪಾಯಿ 60 ಪೈಸೆ. ಒಂದು ಬೇಕರಿ ಸಂಜೆ 10 ಯೂನಿಟ್ ಸುಟ್ಟರೆ ದಿನಕ್ಕೆ 14 ರೂಪಾಯಿ, ತಿಂಗಳಿಗೆ 420 ರೂಪಾಯಿ ಹೆಚ್ಚು. ಏಜೆಂಟ್ ಬಂದು ಫ್ರೀಜರನ್ನು ಮಧ್ಯಾಹ್ನವೇ ಚೆನ್ನಾಗಿ ತಂಪು ಮಾಡಿಸಿ, 2 ಯೂನಿಟ್ ಅತ್ತ ಸರಿಸಿದ ಅನ್ನಿ. ತಿಂಗಳಿಗೆ 168 ರೂಪಾಯಿ ಉಳಿತಾಯ. ಆದರೂ ಹಿಂದಿಗಿಂತ 252 ರೂಪಾಯಿ ಹೆಚ್ಚೇ ಕಟ್ಟಬೇಕು! ದೀಪ ಆರಿಸಿ ವ್ಯಾಪಾರ ಮಾಡಲು ಆಗುತ್ತದೆಯೇ? ಗಿರಾಕಿ ಬರುವುದೇ ಆಫೀಸು ಬಿಟ್ಟು ಬಸ್ಸಿಳಿದ ಮೇಲೆ. ಫ್ಯಾಕ್ಟರಿಯವನು ಪಾಳಿ ಬದಲಿಸಬಲ್ಲ, ಜವಳಿ ಅಂಗಡಿಯವನು ಗಿರಾಕಿಯ ಹೊತ್ತು ಬದಲಿಸಲಾರ. ಏಜೆಂಟ್ ಎಷ್ಟು ಜಾಣನಾದರೂ ಈ ಗಂಟು ಬಿಚ್ಚಲಾರ. ಇದು ಕಂಪ್ಯೂಟರಿನ ಗಂಟಲ್ಲ, ದರದ ಗಂಟು.

ಮನೆಗಳ ಕಥೆ ಬೇರೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವ ಮನೆಯವರಿಗೆ ಏಜೆಂಟ್ ಏನು ಉಳಿಸಿಕೊಟ್ಟಾನು? ಅವರ ಗೀಜರು ಮಧ್ಯಾಹ್ನಕ್ಕೆ ಸರಿದರೆ ಲಾಭ ಸರಕಾರಕ್ಕೂ ಜಾಲಕ್ಕೂ ಹೊರತು ಮನೆಗಲ್ಲ. ಆ ಲಾಭದಲ್ಲಿ ಅವರಿಗೂ ಚೂರು ಪಾಲು ಕೊಡದಿದ್ದರೆ ಅವರೇಕೆ ಒಪ್ಪುತ್ತಾರೆ ಸ್ವಾಮಿ?

ಕೈಕೊಟ್ಟ ಕಡೆಗಳು

2022ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲರಾಡೊದಲ್ಲಿ ಸುಡುಬಿಸಿಲು. ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆಂದು ಹೆಸರು ಬರೆಸಿದ್ದ ಸುಮಾರು 22 ಸಾವಿರ ಗ್ರಾಹಕರು ತಮ್ಮ ಮನೆಯ ಎ.ಸಿ. ತಾವೇ ತಿರುಗಿಸಲು ಹೋದರೆ ತಿರುಗಲಿಲ್ಲ. ಕಂಪನಿ ದೂರದಿಂದಲೇ ಬೀಗ ಹಾಕಿತ್ತು. 2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸಿನಲ್ಲಿ ಸಗಟು ದರ ಯೂನಿಟ್ಟಿಗೆ 9 ಡಾಲರಿಗೆ ಹಾರಿತು. ಆ ದರವನ್ನೇ ನೇರ ಒಪ್ಪಿಕೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ಲು ಬಂತು. ಏಜೆಂಟ್ ಇನ್ನೊಬ್ಬನ ಮಾತು ಕೇಳಿದರೆ, ರೇಟಿಗೆ ಮಿತಿ ಇಲ್ಲದಿದ್ದರೆ, ಆಗುವುದು ಹೀಗೆ.

ಇನ್ನೊಂದು ಅಪಾಯವಿದೆ. ಎಲ್ಲ ಏಜೆಂಟರೂ ಒಂದೇ ಬುದ್ಧಿಯವರಾದರೆ, ರಾತ್ರಿ ಹತ್ತಕ್ಕೆ ರೇಟು ಇಳಿದ ಕೂಡಲೇ ಬೀದಿಯ ಗೀಜರುಗಳೆಲ್ಲ ಒಟ್ಟಿಗೇ ಎದ್ದು ನಿಲ್ಲುತ್ತವೆ. ಬಾಗಿಲು ತೆರೆದ ಬಸ್ಸಿಗೆ ನುಗ್ಗಿದ ಹಾಗೆ! ಟಿ.ಸಿ. ಫ್ಯೂಜು ಹಾರಿ, ಲೈನ್‌ಮನ್ನನ್ನು ಹುಡುಕಿಕೊಂಡು ಓಡಬೇಕಾದವರು ನಾವೇ. ಸರದಿಯಲ್ಲಿ ಬಿಡುವ ಏಜೆಂಟ್ ಟಿ.ಸಿ.ಯಲ್ಲೇ ಇರಬೇಕು. ಮತ್ತೆ, ಮನೆಯಲ್ಲಿ ಯಾವಾಗ ಯಾರೂ ಇರುವುದಿಲ್ಲ ಎಂಬುದು ಮೀಟರಿನ ಲೆಕ್ಕ ನೋಡಿದರೇ ಗೊತ್ತಾಗುತ್ತದೆ. ಅದು ಕಂಡಕಂಡವರ ಕೈಗೆ ಹೋಗಬಾರದು.

ಕೇಳಬೇಕಾದ್ದು ನಾಲ್ಕು

ಹೊಸದನ್ನು ಬೇಡವೆನ್ನುವ ಜಾಯಮಾನ ನಮ್ಮದಲ್ಲ. ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿಸಿ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಾಡು ಇದು. ಆದರೆ 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಎದ್ದ ಗಲಾಟೆ ಮರೆಯುವಂಥದ್ದಲ್ಲ. ಮೀಟರಿನ ಬೆಲೆ ತಕರಾರು ಹೈಕೋರ್ಟಿನ ಮೆಟ್ಟಿಲೇರಿತು. ಮೊದಲು ಹೇರಿ ಆಮೇಲೆ ವಿವರಿಸುವ ಚಾಳಿ ಈ ಸಲವಾದರೂ ಬೇಡ.

ಒಂದು, ಏಜೆಂಟ್ ಆರ್.ಆರ್. ನಂಬರಿನ ಯಜಮಾನನ ಅಪ್ಪಣೆಯಲ್ಲಿರಬೇಕು, ಅಪ್ಪಣೆ ಕನ್ನಡದಲ್ಲಿ ಕೊಡುವಂತಿರಬೇಕು. ಎರಡು, ಬೇಡವೆಂದಾಗ ಬೆರಳಲ್ಲಿ ಒತ್ತಿ ನಿಲ್ಲಿಸುವ ಗುಂಡಿ ಗೋಡೆಯ ಮೇಲೇ ಇರಬೇಕು. ಮೂರು, ಯಾವ ಹೊತ್ತಿಗೆ ಎಷ್ಟು ಯೂನಿಟ್, ಯಾವ ದರ ಎಂಬುದು ಬಿಲ್ಲಿನಲ್ಲಿ ಎದ್ದು ಕಾಣಬೇಕು. ದರಕ್ಕೆ ಮೇಲ್ಮಿತಿ ಇರಬೇಕು. ನಾಲ್ಕು, ಸಂಜೆಯೇ ದುಡಿಮೆಯ ಹೊತ್ತಾದ ಸಣ್ಣ ಅಂಗಡಿಗಳಿಗೆ ಸಂಜೆ ದಂಡದಿಂದ ರಿಯಾಯಿತಿ ಬೇಕು.

ದರ ಏರಿಸುವ ಮುನ್ನ ಕೆ.ಇ.ಆರ್.ಸಿ. ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ, ವಿಚಾರಣೆಯನ್ನೂ ನಡೆಸುತ್ತದೆ. ದೊಡ್ಡ ಕೈಗಾರಿಕೆಯವರು ವಕೀಲರನ್ನು ಕಳಿಸುತ್ತಾರೆ. ನಮ್ಮ ವರ್ತಕರು ಟೀ ಅಂಗಡಿಯಲ್ಲಿ ಬೈದು ಮನೆಗೆ ಹೋಗುತ್ತಾರೆ. ಈ ಸಲ ವರ್ತಕರ ಸಂಘ ಒಂದು ಹಾಳೆ ಆಕ್ಷೇಪಣೆಯನ್ನಾದರೂ ಬರೆದು ಕಳಿಸಲಿ. ಅಧಿಕಾರಿಗಳೂ ಮೀಟರು ಹೊತ್ತು ತರುವ ಮುನ್ನ ಟೌನ್‌ಹಾಲಿನಲ್ಲಿ ಒಂದು ಸಂಜೆ ಕೂತು, ಈ ಏಜೆಂಟ್ ಯಾರ ಕಡೆಯವನೆಂದು ಜನರಿಗೆ ಬಿಡಿಸಿ ಹೇಳುವರೇ?