ಕಾಲು ಜಾರಿತೋ, ಹಲಗೆ ಜಾರಿತೋ?

ಎಪಿಎಂಸಿ ಪ್ರಾಂಗಣದಲ್ಲಿ ಹಮಾಲನೊಬ್ಬ ಲಾರಿಯಿಂದ ಬಿದ್ದರೆ ಊರಿನಲ್ಲಿ ಹುಟ್ಟುವ ಮೊದಲ ಮಾತು, 'ಕುಡಿದಿದ್ದನೇನೋ'. ಎರಡನೆಯದು, 'ನೋಡಿಕೊಂಡು ಕಾಲಿಡಬಾರದಿತ್ತೇ?' ಮೂರನೆಯ ಮಾತಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಅದೇ ಚೀಲಕ್ಕೆ ಹೆಗಲು ಕೊಟ್ಟಿರುತ್ತಾನೆ.

ಈ ಎರಡು ಮಾತುಗಳ ಮೇಲೆಯೇ ನನ್ನ ತಕರಾರು. ಹೇಳುವವರು ಒಮ್ಮೆ ಆ ಜಾಗ ನೋಡಲಿ. ಲಾರಿಯ ತಳ ನೆಲದಿಂದ ಎದೆಮಟ್ಟ. ಅಲ್ಲಿಂದ ಕಟ್ಟೆಗೆ ಹಾಸಿದ್ದು ಒಂದೇ ಹಲಗೆ. ಅದನ್ನು ಹಿಡಿದಿಡುವ ಕೊಕ್ಕೆಯಿಲ್ಲ, ಹೆಜ್ಜೆ ನಿಲ್ಲಲು ಅಡ್ಡಪಟ್ಟಿಯಿಲ್ಲ. ತುಳಿದು ತುಳಿದು ನುಣ್ಣಗಾಗಿದೆ. ಮೇಲೆ ಉದುರಿದ ಜೋಳದ ಕಾಳು, ಮಳೆಗಾಲವಾದರೆ ಕೆಸರು. 50 ಕಿಲೋ ಚೀಲ ಹೊತ್ತು ಬಗ್ಗಿದವನಿಗೆ ಕಾಣುವುದು ತನ್ನ ಹೆಬ್ಬೆರಳು ಮಾತ್ರ. ಕೂಲಿ ಚೀಲದ ಲೆಕ್ಕ. ನಿಧಾನಿಸಿದರೆ ಮನೆಯ ಒಲೆ ಉರಿಯದು. ಚಕ್ರಕ್ಕೆ ಕಲ್ಲು ಕೊಡದ ಲಾರಿ ಒಂದು ಗೇಣು ಸರಿದರೂ ಸಾಕು. ಇದರಲ್ಲಿ ಅವನ ಕಣ್ಣಿನ ತಪ್ಪೆಷ್ಟು?

ಬಿದ್ದ ಮೇಲೆ ಧಣಿ ಯಾರೆಂದು ಹುಡುಕಬೇಕು. ದಲಾಲಿ ಅಂಗಡಿಯವರು 'ಅವನು ನಮ್ಮ ಆಳಲ್ಲ' ಅನ್ನುತ್ತಾರೆ. ಲಾರಿಯವರು 'ನಮ್ಮದು ಬಾಡಿಗೆ ಮಾತ್ರ' ಅನ್ನುತ್ತಾರೆ. ಮೇಸ್ತ್ರಿ ಆಸ್ಪತ್ರೆಯ ಬಾಗಿಲವರೆಗೆ ಬಂದು ಹಿಂದಿರುಗುತ್ತಾನೆ. ಚೀಲಕ್ಕೆ ಮೂರು ಮಂದಿ ಒಡೆಯರು. ಹೊತ್ತವನಿಗೆ ಒಬ್ಬನೂ ಇಲ್ಲ.

ಬರೀ ಎಚ್ಚರ ತಪ್ಪಿದನೆಂಬ ನೆಪದಿಂದ ಪರಿಹಾರ ತಪ್ಪಿಸುವಂತಿಲ್ಲವೆಂಬುದು 1923ರ ಪರಿಹಾರ ಕಾಯ್ದೆಯಲ್ಲೇ ಇತ್ತು. ಗುತ್ತಿಗೆದಾರನ ಆಳಾದರೂ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಹೊಣೆಯೆಂದೂ ಇತ್ತು. 2025ರ ನವೆಂಬರಿನಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆದರೆ ಧಣಿ ಇಂಥವನೆಂದು ತೋರಿಸುವ ಒಂದು ಚೀಟಿಯಾದರೂ ಹಮಾಲನ ಬಳಿ ಬೇಡವೇ? ನೆರೆಯ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ಮಾಡಿತು. ಕೂಲಿಯೂ ಅದರ ಮೇಲಿನ ವಂತಿಗೆಯೂ ವರ್ತಕರಿಂದ ಮಂಡಳಿಗೆ ಬಂದು, ಅಲ್ಲಿಂದ ಹಮಾಲರಿಗೆ ಸಲ್ಲುವ ಏರ್ಪಾಡು ಅದು. ಬಂದರಿನ ಹಮಾಲರ ಸುರಕ್ಷತೆಗೆಂದು 1986ರಲ್ಲಿ ಕೇಂದ್ರದ ಕಾಯ್ದೆಯೇ ಬಂತು. ಹಡಗಿನಿಂದ ಬಿದ್ದವನ ಮೂಳೆ ಬೇರೆ, ಲಾರಿಯಿಂದ ಬಿದ್ದವನ ಮೂಳೆ ಬೇರೆಯೇ?

ಖರ್ಚಿನ ಮಾತೆತ್ತುವವರಿದ್ದಾರೆ. ಹಲಗೆಗೆ ಪಟ್ಟಿ ಹೊಡೆಯಲು ಬೇಕಾದದ್ದು ಒಬ್ಬ ಬಡಗಿ, ಒಂದು ಹಿಡಿ ಮೊಳೆ. ಚಕ್ರಕ್ಕೆ ಬೇಕಾದದ್ದು ಎರಡು ಕಲ್ಲು. ನಿಜವಾದ ಖರ್ಚು ನನ್ನ ಹಾಜರಿ ಪುಸ್ತಕದಲ್ಲಿದೆ: ಅಪ್ಪ ಹಾಸಿಗೆ ಹಿಡಿದರೆ ಏಳನೆಯ ತರಗತಿಯ ಹುಡುಗ ಹೋಟೆಲಿಗೆ, ಅವನ ತಂಗಿ ಮುಸುರೆ ತಿಕ್ಕಲು. ಆ ಲೆಕ್ಕವನ್ನು ಯಾವ ಅಂಗಡಿಯ ಖಾತೆಯಲ್ಲೂ ಬರೆಯುವುದಿಲ್ಲ.

ಮಾರುಕಟ್ಟೆ ಸಮಿತಿಯವರು ಮೊದಲು ಆ ಹಲಗೆಯನ್ನು ವಿಚಾರಿಸಲಿ. ಹಮಾಲನ ಕಾಲನ್ನು ಆಮೇಲೆ ವಿಚಾರಿಸಬಹುದು.