ಜೈವಿಕ ಉದ್ಯಮಕ್ಕೆ ಸ್ಥಿರತೆಯೇ ಬಂಡವಾಳ

1978ರಲ್ಲಿ ಕೋರಮಂಗಲದ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ, ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಆರಂಭವಾದ ಬಯೋಕಾನ್ ಸಂಸ್ಥೆಯು 2004ರಲ್ಲಿ ‘ಪಿಚಿಯಾ’ ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಈ ಯಶಸ್ಸನ್ನು ಕಂಡು ಕಿಣ್ವ ಹಾಗೂ ಪ್ರೋಟೀನು ತಯಾರಿಕೆಗೆ ಇಳಿಯಬಯಸುವ ಸಣ್ಣ ಉದ್ಯಮಿಗಳು ಒಂದು ಅಂಶವನ್ನು ಮೊದಲೇ ಅರಿಯುವುದು ಒಳಿತು. ಜೀವಕೋಶದೊಳಗೆ ಹೊಸ ಜೀನನ್ನು ಸೇರಿಸುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದೇ ಕಠಿಣ.

ತನ್ನದಲ್ಲದ ಪ್ರೋಟೀನಿನ ಉತ್ಪಾದನೆ ಜೀವಕೋಶಕ್ಕೆ ಹೊರೆ. ಬ್ಯಾಕ್ಟೀರಿಯಾದಲ್ಲಿ ಈ ಜೀನು ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಉಂಗುರದಲ್ಲಿರುತ್ತದೆ. ಅದನ್ನು ಕಳೆದುಕೊಂಡ ಕೋಶಗಳು ಹಗುರಾಗಿ ಬೇಗ ಬೆಳೆಯುತ್ತವೆ. ತಲೆಮಾರು ಕಳೆದಂತೆ ಇಳುವರಿ ಕುಸಿಯುತ್ತದೆ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಜೀನ್ ತಂತ್ರಜ್ಞಾನದ ಮೊದಲ ಮಾನವ ಇನ್ಸುಲಿನ್ ತಯಾರಾದ ಇ. ಕೋಲಿಯಲ್ಲಿ ಪರಕೀಯ ಪ್ರೋಟೀನು ಹಲವು ವೇಳೆ ಗಂಟುಕಟ್ಟುತ್ತದೆ. ಅದನ್ನು ಕರಗಿಸಿ ಸರಿಯಾದ ಆಕಾರಕ್ಕೆ ತರುವಾಗ ಒಂದಷ್ಟು ಪಾಲು ನಷ್ಟವಾಗುತ್ತದೆ. ಪಿಚಿಯಾದಲ್ಲಿ ಜೀನು ವರ್ಣತಂತುವಿಗೇ ಬೆಸೆದುಕೊಳ್ಳುವುದರಿಂದ ಹೆಚ್ಚು ಸ್ಥಿರ. ಪ್ರೋಟೀನನ್ನು ಕೋಶದ ಹೊರಕ್ಕೆ ಸ್ರವಿಸುವಂತೆಯೂ ಮಾಡಬಹುದು. ಆದರೆ ಯೀಸ್ಟ್‌ನ ಸ್ವಂತ ಕಿಣ್ವಗಳೇ ಅದನ್ನು ತುಂಡರಿಸುವ ಅಪಾಯವುಂಟು.

ಮನೆಯಲ್ಲಿ ಹೆಪ್ಪು ಕೆಟ್ಟರೆ ನೆರೆಮನೆಯಿಂದ ತರಬಹುದು. ಕಾರ್ಖಾನೆಯಲ್ಲಿ ಕೆಟ್ಟರೆ ತೊಟ್ಟಿಯ ಸಮಸ್ತ ಸರಕೂ ಹಾಳು. ಆದ್ದರಿಂದಲೇ ಪರೀಕ್ಷಿಸಿದ ಮೂಲ ಕೋಶಗಳನ್ನು ಅತಿಶೀತದಲ್ಲಿ ಸಂಗ್ರಹಿಸಿ, ಪ್ರತಿ ಬ್ಯಾಚನ್ನೂ ಅದರಿಂದಲೇ ಆರಂಭಿಸುವ ಕ್ರಮವಿದೆ.

ಹೊಣೆ ಕಾರ್ಖಾನೆಯ ಬಾಗಿಲಿಗೆ ಮುಗಿಯುವುದಿಲ್ಲ. ದಾಸ್ತಾನಿನಲ್ಲಿರುವ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಾಪಮಾನ ಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ. ಜಯನಗರ, ಬನಶಂಕರಿಯ ಔಷಧ ವ್ಯಾಪಾರಿಯ ಫ್ರಿಜ್ಜು ಕೂಡ ಈ ಸರಪಣಿಯ ಕೊಂಡಿಯೇ.

ಸ್ಥಿರತೆಯ ಪರೀಕ್ಷೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಅಷ್ಟು ಕಾಲ ಮಾರಾಟವಿಲ್ಲದೆ ಖರ್ಚು ಭರಿಸುವುದು, ಸ್ವಂತ ಪ್ರಯೋಗಾಲಯ ಕಟ್ಟುವುದು ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯಂಥ ಕಡೆಯ ಸಣ್ಣ ಘಟಕಕ್ಕೆ ನಿಲುಕದ ಮಾತು. ಎಲೆಕ್ಟ್ರಾನಿಕ್ ಸಿಟಿಯ ಬೆಂಗಳೂರು ಬಯೋಇನ್ನೋವೇಷನ್ ಸೆಂಟರ್ ನವೋದ್ಯಮಗಳಿಗೆ ಹಂಚಿಕೆಯ ಉಪಕರಣಗಳನ್ನು ಒದಗಿಸುತ್ತಿದೆ. ಅದೇ ಮಾದರಿಯಲ್ಲಿ ಹಳೆಯ ಸಣ್ಣ ಕೈಗಾರಿಕೆಗಳಿಗೂ ಕೋಶಸಂಗ್ರಹ ಹಾಗೂ ಸ್ಥಿರತೆ ಪರೀಕ್ಷೆಯ ಸಾಮಾನ್ಯ ಸೌಲಭ್ಯವು ಮಿತ ದರದಲ್ಲಿ ದೊರೆಯಬೇಕು. ಬ್ಯಾಂಕುಗಳು ಪರೀಕ್ಷಾ ಅವಧಿಯ ವೆಚ್ಚವನ್ನು ಯೋಜನಾ ವೆಚ್ಚವೆಂದೇ ಪರಿಗಣಿಸಬೇಕು. ವಾಣಿಜ್ಯ ಸಂಸ್ಥೆಗಳು ಈ ಬೇಡಿಕೆಯನ್ನು ಸರ್ಕಾರದ ಮುಂದಿಡುವುದು ಅಗತ್ಯ. ಉದ್ಯಮಿಯೂ ಮೊದಲ ಬ್ಯಾಚಿನ ಇಳುವರಿಯನ್ನು ನಂಬಿ ಆದೇಶ ಒಪ್ಪಿಕೊಳ್ಳಬಾರದು. ಹತ್ತನೆಯ ಬ್ಯಾಚೂ ಮೊದಲಿನದರಂತೆಯೇ ಬಂದಾಗ ಮಾತ್ರ ಅದು ವ್ಯಾಪಾರವೆನಿಸೀತು.