ನಡುಗುವ ಎದೆ ಯಾರದು?

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ‘ಮಡ್’ ಎಂಬ ಗಣಕಯಂತ್ರದ ಆಟ ಹುಟ್ಟಿತು. ಚಿತ್ರವಿಲ್ಲ, ಹಲವರು ಕೂಡಿ ಬರಿಯ ಮಾತಿನಲ್ಲೇ ಆಡಬೇಕು. ಅಂದಿನಿಂದ ಈ ಬಗೆಯ ಆಟಗಳಲ್ಲಿ ವಸ್ತುವಿನ ವರ್ಣನೆಯೇ ಆಟಗಾರನ ಕಣ್ಣು.

ಅಲ್ಲಿ ‘ಈ ಘೋರ ಖಡ್ಗವನ್ನು ಕಂಡು ನಿನ್ನ ಎದೆ ನಡುಗುತ್ತದೆ’ ಎಂದು ಬರೆಯುವವರುಂಟು. ತರಗತಿಯಲ್ಲಿ ಅಷ್ಟಾದಶ ವರ್ಣನೆಗಳ ಪಾಠ ಹೇಳುವ ನಾನು ಅವರನ್ನು ಕೇಳುತ್ತೇನೆ: ನಡುಗುವ ಎದೆ ಯಾರದು ಸ್ವಾಮಿ? ಅದೇ ವಾಕ್ಯವನ್ನು ಹೇಡಿಯೂ ಓದುತ್ತಾನೆ, ವೀರನೂ ಓದುತ್ತಾನೆ. ಅಲಗಿನ ಮುಕ್ಕನ್ನು, ಹಿಡಿಯ ತೊಗಲಿನ ಸವೆತವನ್ನು ಹೇಳಿ, ಸಾಕು. ನಡುಗುವುದೋ ನಗುವುದೋ ಅವರವರಿಗೆ ಬಿಟ್ಟದ್ದು.

ಹಿಡಿಯಲ್ಲಿ ರತ್ನವಿದೆಯೆಂದು ಬರೆದಿರೋ, ‘ರತ್ನವನ್ನು ನೋಡು’ ಎಂದವನಿಗೆ ‘ಅಂಥದೇನೂ ಇಲ್ಲಿಲ್ಲ’ ಎಂಬ ಉತ್ತರ ಬರಬಾರದು. ಅದು ವರ್ಣನೆಯಲ್ಲ, ವಂಚನೆ.

‘ಇದು ಆಟ, ಸಾಹಿತ್ಯವಲ್ಲ’ ಎನ್ನುವಿರಾ? ಬರೆದ ಮಾತನ್ನು ನಂಬಿ ಕೈಚಾಚುವ ಓದುಗ ನಮ್ಮ ಎಷ್ಟು ಕವಿಗಳಿಗೆ ದೊರೆತಿದ್ದಾನೆ?